ಅಖೈರು ಶಿಲ್ಕು

ಬ್ಯಾಲರಾಟ್. ಜೂನ್ ಮೂವತ್ತರ ರಾತ್ರಿ.
ಹೊರಗೆ ಕಾರಿನ ಗಾಜಿನ ಮೇಲೆ ಮಂಜು ಗಟ್ಟಿಯಾಗುತ್ತಿದೆ.
ಒಳಗೆ ಬಿಸ್ಕತ್ತಿನ ಡಬ್ಬಿ ಬೋರಲು ಹಾಕಿ
ವರ್ಷವನ್ನೆಲ್ಲ ಊಟದ ಮೇಜಿಗೆ ಸುರಿದಿದ್ದೇನೆ.

ನೂಲು. ಜಿಪ್ಪು. ಸೂಜಿ, ಹದಿನಾಲ್ಕನೇ ನಂಬರು.
ಇಸ್ತ್ರಿಪೆಟ್ಟಿಗೆ ರಿಪೇರಿ.
ಕೆಲವು ಚೀಟಿಗಳ ಮಸಿಯೇ ಹಾರಿಹೋಗಿದೆ;
ದೀಪಕ್ಕೆ ಹಿಡಿದು ವಾರೆ ಮಾಡಿದರೆ
ಏಳೋ ಒಂದೋ ಏನೋ ಒಂದು ಗೆರೆ.
ಖರ್ಚು ಮಾಡಿದ್ದು ನಿಜ,
ಕಾಗದ ಮಾತ್ರ ನೆನಪಿಲ್ಲ ಅನ್ನುತ್ತದೆ.

ಥಿಯೋಡೋರಾ, ನನ್ನ ಲೆಕ್ಕದಾಕೆ,
ಸ್ಟರ್ಟ್ ಸ್ಟ್ರೀಟಿನ ಮಹಡಿಯಲ್ಲಿ
ಸಣ್ಣ ಹೀಟರಿಗೆ ಕಾಲು ಚಾಚಿ ಕೂರುವವಳು,
ಪಟ್ಟಿ ಕಳಿಸಿದ್ದಾಳೆ:
ನೌಕರಿಯ ಸಂಬಳ ಬೇರೆ, ಹೊಲಿಗೆಯದು ಬೇರೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ವಾರಕ್ಕೆ ಮೂರು ಬೆಳಗು;
ಆ ನೀಲಿ ಅಂಗಿ ಮನೆಯಲ್ಲಿ ಒಗೆದದ್ದಕ್ಕೆ
ಒಂದು ಸಲಕ್ಕೆ ಒಂದು ಡಾಲರು ಕಳೆಯಬಹುದಂತೆ.
ಊರವರ ಹಾಸಿಗೆ ಹೊದಿಕೆ ಒಗೆದು ಬಂದವಳು
ನನ್ನದೊಂದು ಅಂಗಿಗೆ ಲೆಕ್ಕ ಬರೆಯುತ್ತ ನಕ್ಕೆ.

ಮನೆಯಲ್ಲಿ ಹೊಲಿಗೆಗೆ ಎಷ್ಟು ಜಾಗ? ಶೇಕಡಾ ಬರೆ.
ಕೊರಳಲ್ಲಿದ್ದ ಟೇಪು ತೆಗೆದು
ಮೊದಲ ಸಲ ಗೋಡೆಗೆ ಅಳತೆ ಹಿಡಿದೆ.
ಗೋಡೆ ಉಸಿರು ಬಿಗಿಹಿಡಿಯಲಿಲ್ಲ,
ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ.
ಶೇಕಡಾ ಹನ್ನೊಂದು.
ಮಿಕ್ಕ ಎಂಬತ್ತೊಂಬತ್ತರಲ್ಲಿ
ಗುಂಡುಪಿನ್ನು ಕಚ್ಚಿಕೊಂಡು ಓಡಾಡಿದ್ದು,
ಅನ್ನಕ್ಕಿಟ್ಟು ಕಾಜಾ ಹೊಲಿದದ್ದು,
ಮಂಚದ ಮೇಲೂ ಸಿಕ್ಕುವ ನೂಲಿನ ತುಣುಕು,
ಅದಕ್ಕೆಲ್ಲ ಖಾನೆ ಇಲ್ಲ.

ಜ್ಞಾನೋಬಾ ಬಾಗಿಲಲ್ಲಿ ನಿಂತು ಕೇಳಿದ,
"ಎಲ್ಲಾ ಕೂಡಿಸಿ ಎಷ್ಟಾತು?"
"ಇನ್ನ ಕಳೀಲಿಕ್ಕೆ ಹತ್ತೀನಿ" ಅಂದೆ. ಹೋಗಿ ಮಲಗಿದ.

ಕೊನೆಯ ಸಾಲು: ಇವತ್ತು ಕೈಯಲ್ಲಿ ಉಳಿದ ಸರಕು.
ಬಾಗಿಲ ಹಿಂದೆ ಹ್ಯಾಂಗರಿನಲ್ಲಿ ಹಸಿರು ಕೋಟು.
ಮಿಸೆಸ್ ಹ್ಯಾಲೊರನ್ ಮಾರ್ಚಿನಲ್ಲಿ ಅಳತೆ ಕೊಟ್ಟದ್ದು.
ಬಲಭುಜ ಒಂದಿಷ್ಟು ಇಳಿದಿದೆ,
ಯಾರಿಗೂ ಗೊತ್ತಾಗಬಾರದು, ಅಂದಿದ್ದಳು.
ಗೊತ್ತಾಗದ ಹಾಗೆ ಹೊಲಿದೆ.
ಮೇ ತಿಂಗಳಲ್ಲಿ ಅವಳ ಫೋನು ಎತ್ತಿದವನು ತಮ್ಮ.
ಹಣದ ಮಾತು ಅವನೂ ಎತ್ತಲಿಲ್ಲ, ನಾನೂ.

ಥಿಯೋಡೋರಾಳನ್ನು ಕೇಳಿದ್ದೆ, ಹೋದ ವಾರ.
ಬಾರದ ದುಡ್ಡು ಆದಾಯದಲ್ಲಿ ಸೇರದು, ಬಿಡು.
ಕೋಟು ಸರಕು. ಸಾಮಾನಿನ ಬೆಲೆ ಹಾಕು:
ಉಣ್ಣೆ ಎಂಬತ್ತನಾಲ್ಕು. ಅಸ್ತರು ಇಪ್ಪತ್ತೆರಡು.
ಗುಂಡಿ ಆರಕ್ಕೆ ಏಳು ಡಾಲರು.
ಮತ್ತೆ ನನ್ನ ಹದಿನೇಳು ತಾಸು?
ಆ ಕಡೆ ಪೆನ್ನು ಮೇಜಿಗೆ ಕುಟ್ಟುವ ಸದ್ದು.
ನಿನ್ನ ಅಂಗಡಿಯಿಂದ ನಿನಗೇ ಕೂಲಿ ಬರೆಯುವ ಹಾಗಿಲ್ಲ,
ನಿನ್ನ ಕೈಗೆ ಸೊನ್ನೆ, ಕಾನೂನಿನಲ್ಲಿ, ಅಂದಳು.
ಕಾನೂನಿನಲ್ಲಿ, ಅಂತ ಇನ್ನೊಮ್ಮೆ.

ಚಿಕ್ಕಂದಿನಲ್ಲಿ ಕುಂಟಾಬಿಲ್ಲೆಯ ಗೆರೆಯೊಳಗೆ
ದೊಡ್ಡ ಹುಡುಗಿಯರು ನನ್ನ ಸೇರಿಸಿಕೊಂಡದ್ದು ಹೀಗೇ:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆದರೂ ಜಿಗಿಯುತ್ತಿದ್ದೆ, ಉಸಿರು ಕಟ್ಟುವಷ್ಟು.

ನೂರಾ ಹದಿಮೂರು ಎಂದು ಬರೆದೆ.
ಚಳಿಗೋ ಏನೋ, ಎದ್ದು ಕೋಟು ತೊಟ್ಟೆ.
ನನಗೆ ಉದ್ದ. ತೋಳು ಬೆರಳ ತುದಿ ಮುಚ್ಚಿತು.
ಬಲಕ್ಕೆ ಒಳಗಿಟ್ಟ ಹತ್ತಿಯ ಪದರ
ಇಳಿಯದ ನನ್ನ ಭುಜವನ್ನು
ಯಾರೋ ಕೈಯಿಟ್ಟ ಹಾಗೆ ಹಿಡಿದಿತ್ತು.
ಸರಕನ್ನು ಸ್ವಂತಕ್ಕೆ ಬಳಸಿದರೆ ಅದಕ್ಕೂ ಒಂದು ಖಾನೆ ಇದೆ.
ಇರಲಿ. ಹನ್ನೆರಡಾಗುವವರೆಗೆ
ತೊಟ್ಟುಕೊಂಡೇ ಕೂಡಿಸಿದೆ, ಕಳೆದೆ.
ಆಮೇಲೆ ತೆಗೆದು, ಕಾಲರಿಗಂಟಿದ ನನ್ನ ಕೂದಲು ಬಿಡಿಸಿ
ತಿರುಗಿ ತೂಗುಹಾಕಿದೆ.

ಹೊಸ ವಹಿ. ಮೊದಲ ಸಾಲು:
ಕೋಟು, ಹಸಿರು, ಒಂದು.